ಲೋನ್ ಕೇಳೋಕೆ ನಿಮ್ಮ ಘಟಕ ರೆಡಿ ಇದೆಯಾ? ಶಿಡ್ಲಘಟ್ಟದ ಒಂದು ಲೆಕ್ಕ

[ದೃಶ್ಯ: ಶಿಡ್ಲಘಟ್ಟ ರೇಷ್ಮೆಗೂಡು ಮಾರುಕಟ್ಟೆ. ಬೆಳಗಿನ ಹರಾಜು, ತೂಕಕ್ಕೆ ನಿಂತಿರೋ ಲಾಟುಗಳು.]

ನಮಸ್ಕಾರ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸಣ್ಣ ಉದ್ಯಮ ನಡೆಸೋರು ಲೋನ್ ವಿಷಯ ತೆಗೆದ್ರೆ ಮೊದಲ ಪ್ರಶ್ನೆ ಇದೇ ಇರುತ್ತೆ: "ಸಾರ್, ಯಾವ ಸ್ಕೀಮ್‌ನಲ್ಲಿ ಸಬ್ಸಿಡಿ ಜಾಸ್ತಿ?"

ಸ್ಕೀಮ್ ಆಮೇಲೆ. ಮೊದಲು ಒಂದು ಮಾತು ಕೇಳ್ತೀನಿ. ನಿಮಗೆ ದುಡ್ಡು ಯಾಕೆ ಸಾಲ್ತಿಲ್ಲ? ತುಂಬಾ ಜನ ಇದಕ್ಕೆ "ಬಂಡವಾಳ ಕಮ್ಮಿ ಸಾರ್" ಅಂತಾರೆ. ಕಮ್ಮಿ ಇದೆ ಸರಿ, ಆದ್ರೆ ಇರೋ ಬಂಡವಾಳ ಎಲ್ಲಿ ಕೂತಿದೆ? ಇವತ್ತು ಇದನ್ನೇ ಹುಡುಕೋಣ. ಉದಾಹರಣೆಗೆ ರೀಲರ್, ಅಂದ್ರೆ ಗೂಡು ಬಿಚ್ಚಿ ರೇಷ್ಮೆ ನೂಲು ತೆಗೆಯೋರ ಲೆಕ್ಕ ತಗೊಂಡಿದ್ದೀನಿ, ಯಾಕಂದ್ರೆ ನಮ್ಮ ಕಡೆ ದುಡ್ಡು ಸಿಕ್ಕಿ ಹಾಕ್ಕೊಳ್ಳೋದು ಹೇಗೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸೋ ಕಸುಬಿಲ್ಲ.

[ಪರದೆ ಮೇಲೆ: ಒಬ್ಬ ರೀಲರ್, ಒಂದು ದಿನ. ಅಂಕಿಗಳು ಲೆಕ್ಕಕ್ಕೆ ಮಾತ್ರ.]

ಒಬ್ಬ ರೀಲರ್ ದಿನಾ 100 ಕೆಜಿ ಗೂಡು ತಗೋತಾರೆ. ಕೆಜಿಗೆ 600 ಅಂತ ಇಟ್ಕೊಳ್ಳಿ. ಇವತ್ತಿನ ರೇಟು ಬೇರೆ ಇರುತ್ತೆ, ಮಾರುಕಟ್ಟೆಗೆ ಹೋಗೋರಿಗೆ ನಾನು ಹೇಳಬೇಕಾಗಿಲ್ಲ. 60,000 ರೂಪಾಯಿ ಆಯ್ತು. ರೈತರಿಗೆ ಇದನ್ನ ಸಾಲ ಹೇಳೋ ಹಾಗಿಲ್ಲ, ಗೂಡು ಕೈಗೆ ಬರಬೇಕಾದ್ರೆ ದುಡ್ಡು ಹೋಗಲೇಬೇಕು. ಏಳು ಕೆಜಿ ಗೂಡಿಗೆ ಒಂದು ಕೆಜಿ ನೂಲು ಅಂದ್ರೆ ಸುಮಾರು 14 ಕೆಜಿ ನೂಲು ಬರುತ್ತೆ. ಬಿಚ್ಚಿ, ಒಣಗಿಸಿ, ಕಟ್ಟು ಕಟ್ಟೋಕೆ ಎರಡು ದಿನ. ಆಮೇಲೆ ನೂಲು ವ್ಯಾಪಾರಿ ಕೈಗೆ ಹೋಗುತ್ತೆ. ಆತ ಏನಂತಾನೆ? "ಇಪ್ಪತ್ತು ದಿನ ಬಿಡಿ, ಹಾಕ್ತೀನಿ."

ಎರಡು ದಿನ ಮನೆಯಲ್ಲಿ, ಇಪ್ಪತ್ತು ದಿನ ವ್ಯಾಪಾರಿ ಹತ್ರ. ಒಟ್ಟು 22 ದಿನ. ದಿನಕ್ಕೆ 60,000ದಂತೆ 13 ಲಕ್ಷದ 20 ಸಾವಿರ. ಕೂಲಿ, ಸೌದೆ, ಕರೆಂಟು ಏನೂ ಸೇರಿಸಿಲ್ಲ, ಬರೀ ಗೂಡಿನ ದುಡ್ಡು.

ಈಗ ವ್ಯಾಪಾರಿ ಇಪ್ಪತ್ತು ದಿನ ಅಂದಿದ್ದು ಮೂವತ್ತಾಯ್ತು. 32 ದಿನ, 19 ಲಕ್ಷದ 20 ಸಾವಿರ.

[ಪರದೆ ಮೇಲೆ: 19,20,000 − 13,20,000 = 6,00,000. ಮೂರು ಸೆಕೆಂಡ್ ಹಾಗೇ ಇರಲಿ.]

ಆರು ಲಕ್ಷ! ಮಿಷನ್ ಹೆಚ್ಚಿಸಿಲ್ಲ, ಕೂಲಿಯವರು ಹೆಚ್ಚಿಲ್ಲ, ಒಂದು ಕೆಜಿ ನೂಲು ಜಾಸ್ತಿ ತೆಗೆದಿಲ್ಲ. ಈ ಆರು ಲಕ್ಷಕ್ಕೆ ಬ್ಯಾಂಕ್ ಮೆಟ್ಟಿಲು ಹತ್ತಿದ್ರೆ, 12 ಪರ್ಸೆಂಟ್ ಬಡ್ಡಿ ಅಂದ್ರೂ ವರ್ಷಕ್ಕೆ 72,000 ನಿಮ್ಮ ಜೇಬಿಂದ. ಅಂದ್ರೆ ವ್ಯಾಪಾರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟು, ಅದರ ಬಡ್ಡಿ ನೀವು ಬ್ಯಾಂಕಿಗೆ ಕಟ್ತಿದ್ದೀರಿ.

ಇಂಥ ಸ್ಥಿತಿಯಲ್ಲಿ ನೀವು ಲೋನ್‌ಗೆ ರೆಡಿ ಇಲ್ಲ ಅಂತ ನನ್ನ ಅಭಿಪ್ರಾಯ. ಮೊದಲು ಬಾಕಿ ಎಳೀರಿ.

ಕಾನೂನು ನಿಮ್ಮ ಪರವಾಗೇ ಇದೆ. ಸಣ್ಣ ಉದ್ಯಮಗಳಿಗೆ ಅಂತಾನೇ ಇರೋ ಎಂಎಸ್‌ಎಂಇ ಕಾಯ್ದೆ 2006ರದ್ದು. ಸಣ್ಣ ಘಟಕದಿಂದ ಮಾಲು ತಗೊಂಡೋರು ಬರಹದಲ್ಲಿ ಒಪ್ಪಂದ ಇದ್ರೂ 45 ದಿನ ಮೀರೋ ಹಾಗಿಲ್ಲ, ಒಪ್ಪಂದ ಇಲ್ದಿದ್ರೆ 15 ದಿನ. ಮೀರಿದ್ರೆ ಆರ್‌ಬಿಐ ಘೋಷಿಸೋ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡೋಕೆ ಸರ್ಕಾರದ ಪೋರ್ಟಲ್ ಕೂಡ ಇದೆ. ಆದ್ರೆ ಅದಕ್ಕೆ ನಿಮ್ಮ ಹತ್ರ ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸೋ ನೋಂದಣಿ ಇರಬೇಕು, ಪಕ್ಕಾ ಬಿಲ್ ಇರಬೇಕು. ಚೀಟಿ ಮೇಲೆ ಬರೆದಿದ್ದು ನಡೆಯಲ್ಲ. ನಿಜ ಹೇಳಬೇಕು ಅಂದ್ರೆ, ದೂರು ಕೊಟ್ಟ ಮೇಲೆ ಆ ವ್ಯಾಪಾರಿ ಮತ್ತೆ ನಿಮ್ಮ ನೂಲು ಮುಟ್ಟಲ್ಲ. ಹಾಗಾಗಿ ಇದು ಕೊನೇ ಅಸ್ತ್ರ. ಅದಕ್ಕಿಂತ ಮುಂಚೆ ಬೇಗ ಕೊಡೋರಿಗೆ ಕೆಜಿ ಮೇಲೆ ಸ್ವಲ್ಪ ಬಿಟ್ಟುಕೊಟ್ರೆ ಎಷ್ಟು ಹೋಗುತ್ತೆ, ಬಡ್ಡಿ ಕಟ್ಟಿದ್ರೆ ಎಷ್ಟು ಹೋಗುತ್ತೆ, ಎರಡೂ ಪಕ್ಕಪಕ್ಕ ಬರೆದು ನೋಡಿ. ಉದ್ಯಮ್ ನೋಂದಣಿ ಉಚಿತ, ಅದಕ್ಕೆ ಯಾರಾದ್ರೂ ಸಾವಿರ, ಎರಡು ಸಾವಿರ ಕೇಳಿದ್ರೆ ಕೊಡಬೇಡಿ.

[ದೃಶ್ಯ: ರೀಲಿಂಗ್ ಘಟಕದ ಒಳಗೆ. ಬೇಸಿನ್‌ನಿಂದ ಹಬೆ, ಎಳೆ ಹಿಡಿಯೋ ಕೈ.]

ಸರಿ, ಬಾಕಿ ಎಲ್ಲಾ ಸಕಾಲಕ್ಕೆ ಬರ್ತಿದೆ, ಆದ್ರೂ ದುಡ್ಡು ಸಾಲ್ತಿಲ್ಲ. ಗೂಡು ಜಾಸ್ತಿ ತಗೋಬೇಕು, ನೂಲಿಗೆ ಗಿರಾಕಿ ಇದ್ದಾರೆ. ಆಗ ಲೋನ್ ಕೇಳೋದ್ರಲ್ಲಿ ಅರ್ಥ ಇದೆ. ಯಾವ ಲೋನ್? ಗೂಡಿಗೆ, ಕೂಲಿಗೆ ಅಂದ್ರೆ ಸಿಸಿ, ಅಂದ್ರೆ ಕ್ಯಾಶ್ ಕ್ರೆಡಿಟ್. ಎಷ್ಟು ಬಳಸ್ತೀರೋ ಅಷ್ಟಕ್ಕೆ ಬಡ್ಡಿ. ಮಿಷನ್‌ಗೆ ಟರ್ಮ್ ಲೋನ್, ತಿಂಗಳು ತಿಂಗಳು ಕಂತು. ಟರ್ಮ್ ಲೋನ್ ತಗೊಂಡು ಗೂಡಿಗೆ ಹಾಕಿಬಿಡ್ತಾರೆ ನೋಡಿ, ಅಲ್ಲಿಂದಲೇ ಕಷ್ಟ ಶುರು. ಗೂಡಿನ ದುಡ್ಡು ತಿರುಗ್ತಾನೇ ಇರುತ್ತೆ, ಕಂತು ಮಾತ್ರ ಪ್ರತಿ ತಿಂಗಳು ಅದನ್ನ ಕಿತ್ಕೊಂಡು ಹೋಗುತ್ತೆ.

ದುಡಿಯೋ ಬಂಡವಾಳಕ್ಕೆ, ಅಂದ್ರೆ ಗೂಡು, ಕೂಲಿಗೆ ತಿರುಗೋ ದುಡ್ಡಿಗೆ, ಬ್ಯಾಂಕ್‌ಗಳು ಹಾಕೋ ಒಂದು ಹಳೇ ಲೆಕ್ಕ ಇದೆ, ನಾಯಕ್ ಸಮಿತಿ ಲೆಕ್ಕ ಅಂತಾರೆ. ವರ್ಷದ ಅಂದಾಜು ವಹಿವಾಟಿನ 20 ಪರ್ಸೆಂಟ್ ಬ್ಯಾಂಕ್ ಕೊಡುತ್ತೆ, 5 ಪರ್ಸೆಂಟ್ ನೀವು ಹಾಕಬೇಕು. ನಮ್ಮ ರೀಲರ್ 300 ದಿನ ಗೂಡು ತಗೊಂಡ್ರೆ ಗೂಡಿನ ಲೆಕ್ಕದಲ್ಲೇ 1 ಕೋಟಿ 80 ಲಕ್ಷ. ಅದರ 20 ಪರ್ಸೆಂಟ್ 36 ಲಕ್ಷ. ಖುಷಿ ಆಯ್ತಾ? ಈಗ ಪಾಸ್‌ಬುಕ್ ತೆಗೀರಿ. ನೂಲು ಮಾರಿದ ದುಡ್ಡು ಅರ್ಧ ನಗದು, ಸ್ವಲ್ಪ ಮಗನ ಖಾತೆಗೆ, ಇನ್ನು ಸ್ವಲ್ಪ ಭಾವಮೈದನ ಫೋನ್‌ಪೇಗೆ. ನಿಮ್ಮ ಖಾತೆಯಲ್ಲಿ ಕಾಣೋದು 60 ಲಕ್ಷ ಅಂದ್ರೆ, ಮ್ಯಾನೇಜರ್ ನಂಬೋದೂ 60 ಲಕ್ಷವನ್ನೇ. 12 ಲಕ್ಷದ ಮೇಲೆ ಮಾತು ಏಳಲ್ಲ.

2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿ, ಬೇಕರಿಗಳಲ್ಲಿ ಕ್ಯೂಆರ್ ಬೋರ್ಡ್ ಇಳಿಸಿ "ಓನ್ಲಿ ಕ್ಯಾಶ್" ಅಂತ ಅಂಟಿಸಿದ್ರು. ಹೆದರಿಕೆ ಅರ್ಥ ಆಗುತ್ತೆ. ಆದ್ರೆ ಬೋರ್ಡ್ ಇಳಿಸಿದೋರು ಲೋನ್ ಕೇಳೋಕೆ ಬೇಕಾದ ಸಾಕ್ಷಿನೂ ಇಳಿಸಿದ ಹಾಗಾಯ್ತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ ದಾಟಿದ್ರೆ ಜಿಎಸ್‌ಟಿ ನೋಂದಣಿ ಮಾಡಿಸೋದೇ ದಾರಿ, ತೆರಿಗೆ ಇಲ್ಲದ ಸರಕಿನ ಕಥೆ ಬೇರೆ, ಅದನ್ನ ನಿಮ್ಮ ಆಡಿಟರ್ ಹತ್ರ ಕೇಳಿ.

[ಪರದೆ ಮೇಲೆ: ಮಿಷನ್‌ಗೆ 10 ಲಕ್ಷ, 11 ಪರ್ಸೆಂಟ್, 5 ವರ್ಷ. ಕಂತು 21,742.]

ಈಗ ಒಟ್ಟಿಗೆ ಹಲವು ಎಳೆ ತೆಗೆಯೋ ಮಲ್ಟಿ ಎಂಡ್ ಮಿಷನ್ ಹಾಕ್ತೀನಿ ಅಂತೀರಿ, 10 ಲಕ್ಷ ಬೇಕು. ಕಂತು ತಿಂಗಳಿಗೆ 21,742. ಮನೆ ಖರ್ಚೆಲ್ಲಾ ಕಳೆದು ಕೈಯಲ್ಲಿ 38,000 ಉಳಿಯುತ್ತೆ ಅಂದ್ರೆ ಆರಾಮ ಅನ್ಸುತ್ತೆ. ಬೈಕ್ ಕಂತು 4,000 ಮರೆತ್ರಿ. ಮನೆಯೋರ ಹೆಸರಲ್ಲಿ ತೆಗೆದ ಸಂಘದ ಸಾಲ, ತಿಂಗಳಿಗೆ 7,000, ಅದನ್ನ ಹೇಳಲೇ ಇಲ್ಲ. ಎಲ್ಲಾ ಸೇರಿ 32,742. ನೂರು ರೂಪಾಯಿ ಕಂತಿಗೆ ನಿಮ್ಮ ಹತ್ರ 116 ರೂಪಾಯಿ ಇದೆ ಅಷ್ಟೆ. ಬ್ಯಾಂಕ್‌ನೋರು ಸಾಮಾನ್ಯವಾಗಿ 125ಕ್ಕಿಂತ ಕಮ್ಮಿ ಇದ್ರೆ ತಲೆ ಅಲ್ಲಾಡಿಸ್ತಾರೆ. ಸಂಘದ ಸಾಲ ಮುಚ್ಚಿಡೋಕೆ ಹೋಗಬೇಡಿ, ಮೈಕ್ರೋ ಫೈನಾನ್ಸ್ ಸಾಲನೂ ಕ್ರೆಡಿಟ್ ರಿಪೋರ್ಟ್‌ನಲ್ಲಿ, ಅಂದ್ರೆ ನಿಮ್ಮ ಸಾಲಗಳ ದಾಖಲೆಯಲ್ಲಿ ಬರುತ್ತೆ. ವರ್ಷಕ್ಕೊಂದು ರಿಪೋರ್ಟ್ ಪುಕ್ಕಟೆ ಸಿಗುತ್ತೆ, ಬ್ಯಾಂಕ್‌ನೋರಿಗಿಂತ ಮುಂಚೆ ನೀವೇ ತೆಗೆದು ನೋಡಿ.

ಇನ್ನೊಂದು. ಈ 38,000 ಯಾವ ತಿಂಗಳಿನದು? ಮದುವೆ ಸೀಸನ್‌ದಾ? ಆಷಾಢದ ಲೆಕ್ಕ ತೆಗೀರಿ. ಮದುವೆ ಇಲ್ಲ, ಸೀರೆ ಓಡಲ್ಲ, ನೂಲು ಕೇಳೋರಿಲ್ಲ. ಆ ತಿಂಗಳೂ ಕಂತಿನ ದಿನ ಖಾತೆಯಲ್ಲಿ ದುಡ್ಡಿರುತ್ತೆ ಅಂತ ಗಟ್ಟಿಯಾಗಿ ಹೇಳಬಲ್ಲಿರಾದ್ರೆ ನೀವು ರೆಡಿ. ನನ್ನ ಪ್ರಕಾರ ಇದೊಂದೇ ಪರೀಕ್ಷೆ ಸಾಕು, ಮಿಕ್ಕಿದ್ದೆಲ್ಲಾ ಕಾಗದ.

[ಪರದೆ ಮೇಲೆ: ಈಗ ಸ್ಕೀಮ್‌ಗಳು]

ಬೇಗ ಹೇಳಿ ಮುಗಿಸ್ತೀನಿ. ಮುದ್ರಾದಲ್ಲಿ ಶಿಶು 50,000ವರೆಗೆ, ಕಿಶೋರ್ 5 ಲಕ್ಷ, ತರುಣ್ 10 ಲಕ್ಷ. 20 ಲಕ್ಷದ ತರುಣ್ ಪ್ಲಸ್ ಇದೆ, ಅದು ತರುಣ್ ಸಾಲ ತೀರಿಸಿದೋರಿಗೆ ಮಾತ್ರ. ಮುದ್ರಾದಲ್ಲಿ ಸಬ್ಸಿಡಿ ಇಲ್ಲ, "ಮುದ್ರಾ ಸಬ್ಸಿಡಿ ಕೊಡಿಸ್ತೀನಿ" ಅನ್ನೋ ಏಜೆಂಟ್ ಸಿಕ್ಕಿದ್ರೆ ಕೈ ಮುಗಿದು ಬಂದ್ಬಿಡಿ. ಪಿಎಂಇಜಿಪಿ, ಅಂದ್ರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ ಸಬ್ಸಿಡಿ ಮುಖ್ಯವಾಗಿ ಹೊಸ ಘಟಕಗಳಿಗೆ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ 25 ಪರ್ಸೆಂಟ್. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರಿಗೆ 35. ಆಗಲೇ ಮಿಷನ್ ಓಡಿಸ್ತಿರೋರು ಹೊಸ ಘಟಕ ಅಂತ ಅರ್ಜಿ ಹಾಕಿದ್ರೆ ಸ್ಥಳ ಪರಿಶೀಲನೆಯಲ್ಲೇ ಸಿಕ್ಕಿಬೀಳ್ತಾರೆ.

ಆ ಸಬ್ಸಿಡಿ ದುಡ್ಡು ನಿಮ್ಮ ಕೈಗೆ ಬರಲ್ಲ ಅನ್ನೋದೂ ಗೊತ್ತಿರಲಿ. ಬ್ಯಾಂಕ್‌ನಲ್ಲೇ ಠೇವಣಿ ಥರ ಮೂರು ವರ್ಷ ಇರುತ್ತೆ, ಘಟಕ ನಡೀತಿದ್ರೆ, ಕಂತು ಸರಿಯಾಗಿದ್ರೆ, ಆಮೇಲೆ ಸಾಲಕ್ಕೆ ಜಮೆ. ಸಬ್ಸಿಡಿ ಬರುತ್ತೆ ಅಂತ ಕೈಸಾಲ ಮಾಡಿಕೊಂಡೋರ ಕಥೆ ಊರಿಗೊಂದಿದೆ.

ಪ್ರಾಜೆಕ್ಟ್ ರಿಪೋರ್ಟ್ ಯಾರ ಹತ್ರ ಬೇಕಾದ್ರೂ ಬರೆಸಿ, ಓದದೇ ಸಹಿ ಹಾಕಬೇಡಿ. ಮ್ಯಾನೇಜರ್ "ದಿನಕ್ಕೆ ಎಷ್ಟು ಕೆಜಿ ನೂಲಪ್ಪಾ?" ಅಂದಾಗ ನೀವು 14 ಅಂದು, ರಿಪೋರ್ಟ್‌ನಲ್ಲಿ 25 ಇದ್ರೆ ಫೈಲ್ ಅಲ್ಲಿಗೇ ಮುಚ್ಚುತ್ತೆ. 10 ಲಕ್ಷದವರೆಗಿನ ಸಾಲಕ್ಕೆ ಸಣ್ಣ ಘಟಕಗಳಿಂದ ಜಮೀನು ಪತ್ರ ಅಡ ಕೇಳೋ ಹಾಗಿಲ್ಲ ಅಂತ ಆರ್‌ಬಿಐ ಹೇಳಿದೆ, ಕೇಳಿದ್ರೆ ಸೌಮ್ಯವಾಗಿ ನೆನಪಿಸಿ.

ಅರ್ಜಿ ಆಗಲ್ಲ ಅಂದ್ರೆ ಜಗಳ ಬೇಡ, ಕಾರಣ ಬರವಣಿಗೆಯಲ್ಲಿ ಕೇಳಿ. ಕೊಡಬೇಕು ಅಂತ ಆರ್‌ಬಿಐ ನಿಯಮ ಇದೆ. "ಖಾತೆಯಲ್ಲಿ ವಹಿವಾಟು ಸಾಲದು" ಅಂತ ಬರೆದಿದ್ರೆ ಇವತ್ತಿಂದ ನೂಲಿನ ದುಡ್ಡೆಲ್ಲಾ ಒಂದೇ ಖಾತೆಗೆ ಹಾಕಿಸಿ, ಆರು ತಿಂಗಳ ಸ್ಟೇಟ್‌ಮೆಂಟ್ ಜೊತೆ ಅದೇ ಶಾಖೆಗೆ ಮತ್ತೆ ಹೋಗಿ.