ಮೂರನೇ ವಾರದಲ್ಲಿ ಊರಿಗೆ ಹೊರಡಬೇಡಿ

ಕೇಳುಗರಿಗೆ ನಮಸ್ಕಾರ. ಶ್ವಾಸಕೋಶದ ಕ್ಯಾನ್ಸರ್‌ಗೆ ‘ಕರೆಂಟ್ ಕೊಡಿಸ್ತಾ ಇದ್ದೀವಿ’ ಅನ್ನುತ್ತಾರಲ್ಲ, ಆ ವಿಕಿರಣ ಚಿಕಿತ್ಸೆಯ ಬಗ್ಗೆ ಇವತ್ತು ಮುಖ್ಯವಾಗಿ ಒಂದೇ ಮಾತು: ಶುರು ಮಾಡಿದ ಮೇಲೆ ನಡುವೆ ಬಿಡಬೇಡಿ.

ಗಡ್ಡೆ ಎದೆಯೊಳಗೇ ಇದೆ, ಆದರೆ ಆಪರೇಷನ್ನಿಗೆ ಸಿಗದಷ್ಟು ಹಬ್ಬಿದೆ ಅನ್ನೋಣ. ಆಗ ಸಾಮಾನ್ಯವಾಗಿ ಕೊಡುವುದು 60 ಗ್ರೇ. ಹಾಲಿಗೆ ಲೀಟರ್ ಹೇಗೋ ವಿಕಿರಣಕ್ಕೆ ಗ್ರೇ ಹಾಗೆ. ದಿನಕ್ಕೆ 2 ಗ್ರೇ, ವಾರಕ್ಕೆ 5 ದಿನ, ಒಟ್ಟು 6 ವಾರ. ತಡೆದುಕೊಳ್ಳುವ ಶಕ್ತಿಯಿದ್ದವರಿಗೆ ಜೊತೆಗೇ ಕೀಮೋ. ಕೈ ತಲೆಯ ಮೇಲಕ್ಕೆತ್ತಿ ಹತ್ತು ಹದಿನೈದು ನಿಮಿಷ ಅಲ್ಲಾಡದೆ ಮಲಗಿದರಾಯಿತು. ನೋವಿಲ್ಲ, ಶಾಕ್ ಹೊಡೆಯುವುದಿಲ್ಲ. ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ಎತ್ತಿಕೊಳ್ಳಿ. ಎದೆಯ ಮೇಲೆ ಹಾಕಿದ ಗುರುತನ್ನು ಮಾತ್ರ ಉಜ್ಜಿ ತೊಳೆಯಬೇಡಿ.

ಯಾಕೆ ಬಿಡಬಾರದು? 1990ರ ದಶಕದಲ್ಲಿ ಬ್ರಿಟನ್ನಿನ ವೈದ್ಯರ ಮುಂದಾಳತ್ವದಲ್ಲಿ ‘ಚಾರ್ಟ್’ ಎಂಬ ಪರೀಕ್ಷೆ ನಡೆಯಿತು, 563 ರೋಗಿಗಳ ಮೇಲೆ. ಒಂದು ಗುಂಪಿಗೆ ಮಾಮೂಲಿನಂತೆ 6 ವಾರದಲ್ಲಿ 60 ಗ್ರೇ. ಇನ್ನೊಂದು ಗುಂಪಿಗೆ 54 ಗ್ರೇ ಮಾತ್ರ. ಗಮನಿಸಿ, ಕಡಿಮೆ! ಆದರೆ ದಿನಕ್ಕೆ 3 ಸಲ, ಒಂದೊಂದು ಸಲಕ್ಕೆ 1.5 ಗ್ರೇ, ಶನಿವಾರ ಭಾನುವಾರವನ್ನೂ ಬಿಡದೆ 12 ದಿನದಲ್ಲಿ ಮುಗಿಸಿಬಿಟ್ಟರು. ಎರಡು ವರ್ಷದ ನಂತರ ಮೊದಲ ಗುಂಪಿನಲ್ಲಿ ನೂರಕ್ಕೆ 20 ಜನ ಬದುಕಿದ್ದರು, ಎರಡನೆಯದರಲ್ಲಿ 29. ಕಡಿಮೆ ಕೊಟ್ಟರೂ ಹೆಚ್ಚು ಜನ ಉಳಿದರು, ಬೇಗ ಮುಗಿಸಿದ್ದರಿಂದ. ಅರ್ಧ ಕಳೆ ಕಿತ್ತು ಹೊಲ ಬಿಟ್ಟು ಬಂದರೆ ಏನಾಗುತ್ತದೆ, ರೈತರಿಗೆ ನಾನು ಹೇಳಬೇಕೆ? ಅಳಿದುಳಿದ ಕ್ಯಾನ್ಸರ್ ಕಣಗಳು ಮೂರು ನಾಲ್ಕನೇ ವಾರದ ಹೊತ್ತಿಗೆ ಮೊದಲಿಗಿಂತ ಜೋರಾಗಿ ಚಿಗುರುತ್ತವೆ.

ತೊಂದರೆ ಏನೆಂದರೆ, ಅನ್ನನಾಳ ಎದೆಯ ನಡುವೆಯೇ ಹಾದುಹೋಗುತ್ತದೆ. ಸರಿಯಾಗಿ ಮೂರನೇ ವಾರಕ್ಕೆ ಅದು ಹುಣ್ಣಾಗಿ, ತುತ್ತು ಇಳಿಯುವಾಗ ಉರಿ. ಮನೆಯವರು ‘ನಿತ್ರಾಣ ಆಗಿದ್ದಾರೆ, ಒಂದು ವಾರ ಊರಲ್ಲಿ ಸುಧಾರಿಸಿಕೊಂಡು ಬರಲಿ’ ಅಂತ ಕರೆದುಕೊಂಡು ಹೋಗುತ್ತಾರೆ. ಬೇಡ, ದಯವಿಟ್ಟು ಬೇಡ. ಆರಿದ ಗಂಜಿ, ರಾಗಿ ಅಂಬಲಿ, ಮಿದ್ದ ಮೊಸರನ್ನ ಕೊಡಿ. ಖಾರ, ಹುಳಿ, ಸುಡು ಕಾಫಿ ನಿಲ್ಲಿಸಿ. ಊಟಕ್ಕೆ ಮುಂಚೆ ಗಂಟಲು ಮರಗಟ್ಟಿಸುವ ಸಿರಪ್ ಇದೆ, ಕೇಳಿ ಬರೆಸಿಕೊಳ್ಳಿ. ಮದುವೆ, ಜಾತ್ರೆ ಅಂತ ರಜೆ ಕೇಳಲೇಬೇಡಿ. ಮೆಷಿನ್ ಕೆಟ್ಟು ಒಂದು ದಿನ ತಪ್ಪಿತೇ? ಶನಿವಾರ ಕೊಡಬಹುದು, ಇಲ್ಲವೇ ಆರು ಗಂಟೆ ಅಂತರದಲ್ಲಿ ಒಂದೇ ದಿನ ಎರಡು ಸಲ ಕೊಡಬಹುದು. ನೀವೇ ವಿಚಾರಿಸಿ.

ಸಮಯ ಮುಗಿಯುತ್ತಾ ಬಂತು. ಗಡ್ಡೆ ಸಣ್ಣದಿದ್ದು ಆಪರೇಷನ್ ತಡೆಯದವರಿಗೆ ಮೂರರಿಂದ ಐದೇ ಸಲ ದೊಡ್ಡ ಪ್ರಮಾಣದಲ್ಲಿ ಕೊಡುವ ವಿಧಾನ ಇದೆ. ಮೂಳೆಗೆ ಹರಡಿ ನೋವಿದ್ದರೆ 8 ಗ್ರೇ, ಒಂದೇ ಸಲ ಸಾಕಾಗಬಹುದು.

ಇನ್ನೊಂದು ವಿಷಯ. ಎಲ್ಲ ಮುಗಿದು ಒಂದರಿಂದ ಆರು ತಿಂಗಳೊಳಗೆ ಒಣಕೆಮ್ಮು, ಏದುಸಿರು ಬಂದರೆ ಅದು ವಿಕಿರಣದಿಂದ ಶ್ವಾಸಕೋಶ ಊದಿಕೊಂಡದ್ದಿರಬಹುದು. ಅದಕ್ಕೆ ಸ್ಟೀರಾಯ್ಡ್ ಬೇಕಾಗುತ್ತದೆ. ಕೆಮ್ಮಿನ ಸಿರಪ್ ಕುಡಿದು ಕೂರಬೇಡಿ, ಊರಿನ ಡಾಕ್ಟರ ಹತ್ತಿರ ಹೋಗುವಾಗ ವಿಕಿರಣ ಕೊಟ್ಟ ಆಸ್ಪತ್ರೆಯ ಚೀಟಿ ಕೈಯಲ್ಲಿರಲಿ.