ಬಾತುಕೋಳಿ ಬೇಟೆಯ ದೋಣಿಗೆ ಯಾವ ಸ್ಕ್ರೂ ಹಾಕಬೇಕು?

ಎಲ್ಲರಿಗೂ ನಮಸ್ಕಾರ. ಈ ಚಳಿಯಲ್ಲಿ, ಅದೂ ಶನಿವಾರ ಬೆಳಿಗ್ಗೆ, ಇಷ್ಟು ಜನ ಬಂದಿದ್ದೀರಿ. ತುಂಬಾ ಸಂತೋಷ.

ಮೊದಲು ಈ ಎರಡು ಸ್ಕ್ರೂಗಳನ್ನು ನೋಡಿ, ಪಕ್ಕದವರಿಗೂ ಕೊಡಿ. ಎರಡೂ ಒಂದೇ ಪೊಟ್ಟಣದವು, ಒಂದೇ ದಿನ ಒಂದೇ ದೋಣಿಗೆ ಹಾಕಿದ್ದು. ಎರಡೂ ಸ್ಟೇನ್‌ಲೆಸ್ ಸ್ಟೀಲ್. ಒಂದು ಇವತ್ತಿಗೂ ಹೊಸದರ ಹಾಗೇ ಇದೆ. ಇನ್ನೊಂದರ ತಲೆ ಮಾತ್ರ ಹೊಳೆಯುತ್ತಿದೆ. ಕೆಳಗೆ ನೋಡಿ, ಇಲಿ ಕಡಿದ ಹಾಗೆ ಸವೆದು ಕಡ್ಡಿಯಾಗಿದೆ. ಮೊದಲನೆಯದು ಡೆಕ್ ಮೇಲೆ ಗಾಳಿಗೆ ಇತ್ತು. ಎರಡನೆಯದು ನೀರಿನ ಮಟ್ಟಕ್ಕಿಂತ ಕೆಳಗೆ, ಒದ್ದೆ ಮರದೊಳಗೆ ಇತ್ತು.

ಅಂಗಡಿಗೆ ಹೋಗಿ "ತುಕ್ಕು ಹಿಡಿಯದ ಸ್ಕ್ರೂ ಕೊಡಿ" ಅಂತ ಕೇಳಿದರೆ ಸಾಲದು. ಅದು ಎಲ್ಲಿ ಕೂರುತ್ತದೆ, ಯಾವ ಲೋಹಕ್ಕೆ ತಾಗಿಕೊಂಡು ಕೂರುತ್ತದೆ ಅಂತ ನೋಡಿ ಆರಿಸಬೇಕು.

ಈ ಸ್ಕ್ರೂಗಳು ನಮ್ಮ ಪಕ್ಕದ ಮನೆಯವರ ಸ್ನೀಕ್‌ಬಾಕ್ಸ್ ದೋಣಿಯವು. ಸ್ನೀಕ್‌ಬಾಕ್ಸ್ ನಮ್ಮ ನ್ಯೂಜೆರ್ಸಿಯದೇ ದೋಣಿ. 1836ರಲ್ಲಿ ವೆಸ್ಟ್ ಕ್ರೀಕ್‌ನ ಹೇಜಲ್ಟನ್ ಸೀಮನ್ ಎಂಬವರು ಬಾರ್ನೆಗಾಟ್ ಕೊಲ್ಲಿಯಲ್ಲಿ ಬಾತುಕೋಳಿ ಬೇಟೆಗೆಂದು ಮೊದಲನೆಯದನ್ನು ಕಟ್ಟಿದರು. ಸುಮಾರು 12 ಅಡಿ ಉದ್ದ, ಸೀಡರ್ ಮರ, ಸೌಟಿನ ಹಾಗೆ ದುಂಡಗಿನ ತಳ. ಬೇಟೆಗಾರ ಒಳಗೆ ಮಲಗಿ ಮೇಲೆ ಹುಲ್ಲು ಹರಡಿಕೊಂಡರೆ ದೋಣಿ ಇದೆ ಅಂತಲೇ ಗೊತ್ತಾಗಲ್ಲ. ಎರಡು ಚಳಿಗಾಲ ನಾವಿಬ್ಬರೂ ಸೇರಿ ಅದನ್ನು ರಿಪೇರಿ ಮಾಡಿದೆವು. ಹುಟ್ಟು ಕೂರಿಸುವ ಕೊಂಡಿ, ಹಗ್ಗ ಕಟ್ಟುವ ಕ್ಲೀಟ್, ಮೂತಿಯ ಬಳೆ, ಬಾತುಗಳನ್ನು ಸೆಳೆಯಲು ನೀರಿಗೆ ಬಿಡುವ ಗೊಂಬೆ ಬಾತುಗಳನ್ನು ಇಡುವ ಚೌಕಟ್ಟು, ಎಲ್ಲವನ್ನೂ ಬಿಚ್ಚಿ ಮತ್ತೆ ಕೂರಿಸಿದೆವು. ಡಿಸೆಂಬರ್‌ನ ನೀರಿನಲ್ಲಿ ಹುಟ್ಟಿನ ಕೊಂಡಿ ಕಿತ್ತು ಬಂದರೆ ಅದು ಪ್ರಾಣಕ್ಕೆ ಬರುವ ವಿಷಯ. ಆದ್ದರಿಂದಲೇ ಇಷ್ಟು ಸಣ್ಣ ವಸ್ತುವಿನ ಬಗ್ಗೆ ಇಷ್ಟು ಮಾತಾಡುತ್ತಿದ್ದೇನೆ.

ಒಂದು ಹಳೆಯ ಸಂಗತಿ ಹೇಳುತ್ತೇನೆ. 1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿತು. ಮರ ಕೊರೆಯುವ ಹುಳುವಿನ ಕಾಟ ತಪ್ಪಿಸಲು. ತಗಡಿಗೆ ಹೊಡೆದದ್ದು ಕಬ್ಬಿಣದ ಮೊಳೆ. ವೆಸ್ಟ್ ಇಂಡೀಸ್ ಕಡೆ ಹೋಗಿ ಬಂದ ನೌಕೆಯನ್ನು 1763ರಲ್ಲಿ ಪರೀಕ್ಷಿಸಿದರು. ತಾಮ್ರ ಚೆನ್ನಾಗಿತ್ತು, ಮೊಳೆಗಳು ಕರಗಿ ಹೋಗಿದ್ದವು. ಆದರೆ ಕೆಲವು ಮೊಳೆಗಳು ಅಷ್ಟಾಗಿ ಕೆಟ್ಟಿರಲಿಲ್ಲ. ಯಾಕೆ? ತಗಡು ಸುತ್ತಿ ಬಂದಿದ್ದ ಕಂದು ಕಾಗದವನ್ನು ಅಲ್ಲಲ್ಲಿ ತೆಗೆಯದೆ ಹಾಗೇ ಹೊಡೆದಿದ್ದರು. ಆ ಕಾಗದ ತಾಮ್ರ ಮತ್ತು ಕಬ್ಬಿಣದ ನಡುವೆ ಅಡ್ಡ ನಿಂತಿತ್ತು. ನನಗಂತೂ ಇದು ಬಹಳ ಇಷ್ಟವಾದ ಸಂಗತಿ. ಒಂದು ತುಂಡು ಕಾಗದ ಇಡೀ ಪಾಠ ಹೇಳಿಕೊಟ್ಟಿತು ಅಲ್ವಾ?

ಆಗುವುದು ಇಷ್ಟೇ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಅದೇ ಒಂದು ಬ್ಯಾಟರಿ. ಒಂದು ಲೋಹ ಉಳಿಯುತ್ತದೆ, ಇನ್ನೊಂದು ಕರಗುತ್ತದೆ. ಕರಗುವ ಲೋಹ ಚಿಕ್ಕದಿದ್ದು ಉಳಿಯುವ ಲೋಹ ದೊಡ್ಡದಿದ್ದರೆ ಬೇಗ ಮುಗಿಯುತ್ತದೆ. ದೊಡ್ಡ ತಗಡು, ಚಿಕ್ಕ ಮೊಳೆ.

ಈಗ ಸ್ಟೇನ್‌ಲೆಸ್‌ಗೆ ಬರೋಣ. ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೊಂದು ತೆಳು ಪದರ ಕಟ್ಟುತ್ತದೆ. ಗೀಚಿದರೂ ಆ ಪದರ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಆಮ್ಲಜನಕ ಬೇಕು. ಒದ್ದೆ ಮರದ ತೂತಿನೊಳಗೆ ಅದು ಎಲ್ಲಿಂದ ಬರಬೇಕು? ಹಾಗಾಗಿ ಪದರ ಒಡೆದ ಕಡೆ ಕೂಡಿಕೊಳ್ಳದೆ ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ. ಡೆಕ್ ಮೇಲಿನ ಕೆಲಸಕ್ಕೆ 316 ದರ್ಜೆ ತೆಗೆದುಕೊಳ್ಳಿ. ಸಾಮಾನ್ಯವಾದ 304 ದರ್ಜೆಗಿಂತ ಬೆಲೆ ಜಾಸ್ತಿ. ಆದರೆ ಅದರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ, ಉಪ್ಪಿಗೆ ತಡೆಯುವುದು ಅದೇ. ಬೋಲ್ಟ್ ತಲೆಯ ಮೇಲೆ ಎ4 ಅಂತ ಇದ್ದರೆ 316, ಎ2 ಅಂದರೆ 304. ಅಯಸ್ಕಾಂತ ಹಿಡಿದು ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯಲ್ಲ.

ನೀರಿನ ಕೆಳಗೆ, ಮರದೊಳಗೆ, ಸಿಲಿಕಾನ್ ಕಂಚು. ಹೆಚ್ಚುಕಡಿಮೆ ಎಲ್ಲ ತಾಮ್ರವೇ, ಶೇಕಡಾ 3ರಷ್ಟು ಸಿಲಿಕಾನ್. ಅದಕ್ಕೆ ಗಾಳಿಯ ಹಂಗಿಲ್ಲ. ಸ್ಟೇನ್‌ಲೆಸ್‌ನಷ್ಟು ಗಟ್ಟಿಯಲ್ಲ, ತಲೆ ಬೇಗ ಸವೆಯುತ್ತದೆ. ಆದ್ದರಿಂದ ಮೊದಲೇ ಸರಿಯಾದ ಅಳತೆಯ ತೂತು ಕೊರೆದು ಕೈಯಿಂದ ತಿರುಗಿಸಿ.

ಹಿತ್ತಾಳೆ ಬೇಡ. ಮನೆಯಲ್ಲಿ ದೀಪ, ಚೊಂಬು ತಲೆಮಾರುಗಟ್ಟಲೆ ಬಾಳುತ್ತವೆ ನಿಜ. ಸಮುದ್ರದ ನೀರಿನಲ್ಲಿ ಮಾತ್ರ ಹಿತ್ತಾಳೆಯೊಳಗಿನ ಸತು ಕರಗಿ ಹೋಗುತ್ತದೆ. ಉಳಿಯುವುದು ಗುಲಾಬಿ ಬಣ್ಣದ, ಪುಡಿಯಾಗುವ ತಾಮ್ರ. ಅಂಗಡಿಯಲ್ಲಿ ಹಿತ್ತಾಳೆಯೂ ಕಂಚೂ ನೋಡಲು ಹೆಚ್ಚುಕಡಿಮೆ ಒಂದೇ ಥರ. ಸುಮ್ನೆ ಬಣ್ಣ ನೋಡಿ ತರಬೇಡಿ, ಡಬ್ಬದ ಮೇಲೆ ಬರೆದಿದ್ದನ್ನು ಓದಿ. ಸತುವಿನ ತೆಳು ಲೇಪದ, ಥಳಥಳ ಹೊಳೆಯುವ ಜಿಂಕ್ ಪ್ಲೇಟಿಂಗ್ ಸ್ಕ್ರೂ ಮನೆಯೊಳಗಿನ ಕಪಾಟಿಗೆ ಸರಿ. ದೋಣಿಯ ಕೊಂಡಿ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣದ್ದಾಗಿದ್ದರೆ ಬೋಲ್ಟೂ ಅದೇ ಥರದ್ದಿರಲಿ. ಕೊಂಡಿ ಕಂಚಿನದಾದರೆ ಬೋಲ್ಟೂ ಕಂಚಿನದು.

ನಿಮ್ಮಲ್ಲಿ ಹೆಚ್ಚಿನವರು ನೋಡಿರುವುದು ಅಲ್ಯೂಮಿನಿಯಂ ದೋಣಿ. ಅದಕ್ಕೆ ಕಂಚು, ತಾಮ್ರ ತಾಗಿಸಲೇಬೇಡಿ. ಸ್ಟೇನ್‌ಲೆಸ್ ನಡೆಯುತ್ತದೆ. ಇಲ್ಲಿ ಕರಗುವ ಲೋಹ ದೊಡ್ಡದು, ಬೋಲ್ಟ್ ಚಿಕ್ಕದು, ಹಾಗಾಗಿ ಸವೆತ ನಿಧಾನ. ಆದರೂ ನಡುವೆ ನೈಲಾನ್ ವಾಷರ್ ಇಡಿ, ಬೋಲ್ಟಿನ ಸುರುಳಿ ಗೀರುಗಳಿಗೆ ತುಕ್ಕುತಡೆ ಪೇಸ್ಟ್ ಹಚ್ಚಿ. ಆ ಕಂದು ಕಾಗದದ ಕೆಲಸವೇ ಇದು. ತಿರುಗಾಮುರುಗಾ ಮಾಡಿ ಸ್ಟೇನ್‌ಲೆಸ್ ತಗಡಿಗೆ ಅಲ್ಯೂಮಿನಿಯಂ ರಿವೆಟ್ ಹೊಡೆದರೆ 'ಅಲಾರ್ಮ್' ನೌಕೆಯ ಕಥೆಯೇ.

ಕೂರಿಸುವ ಬಗ್ಗೆ ಒಂದೆರಡು ಮಾತು. ಎಳೆತ ಬೀಳುವ ಕಡೆ ಸ್ಕ್ರೂ ಬೇಡ. ಆಚೆಯಿಂದ ಈಚೆಗೆ ಬೋಲ್ಟ್ ಹಾಕಿ, ಒಳಗಡೆ ಮರದ ತುಂಡೋ ಅಗಲ ವಾಷರೋ ಕೊಡಿ. ತೂತನ್ನು ಮೊದಲು ದೊಡ್ಡದಾಗಿ ಕೊರೆದು ಎಪಾಕ್ಸಿ ಅಂಟು ತುಂಬಿಸಿ, ಗಟ್ಟಿಯಾದ ಮೇಲೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಆಗ ನೀರು ನುಸುಳಿದರೂ ಮರಕ್ಕೆ ಇಳಿಯಲ್ಲ. ಸ್ಟೇನ್‌ಲೆಸ್ ನಟ್ಟನ್ನು ಮೆಷಿನ್‌ನಿಂದ ಜೋರಾಗಿ ತಿರುಗಿಸಬೇಡಿ. ಬಿಸಿಯಾಗಿ ಬೋಲ್ಟಿಗೇ ಕಚ್ಚಿಕೊಂಡರೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಪೇಸ್ಟ್ ಹಚ್ಚಿ ನಿಧಾನಕ್ಕೆ ತಿರುಗಿಸಿ.

ಪ್ರತಿ ವರ್ಷ ಬೇಟೆಯ ಕಾಲಕ್ಕೆ ಮುಂಚೆ, ದೋಣಿ ಇನ್ನೂ ಅಂಗಳದಲ್ಲಿರುವಾಗ, ತಳದಿಂದ ಒಂದೇ ಒಂದು ಸ್ಕ್ರೂ ಬಿಚ್ಚಿ ನೋಡಿ. ತಲೆ ನೋಡಬೇಡಿ, ಕುತ್ತಿಗೆ ನೋಡಿ. ಸವೆದಿದ್ದರೆ ಅದರ ಅಕ್ಕಪಕ್ಕದವನ್ನೂ ಬಿಚ್ಚಿ. ಆ ಎರಡು ಸ್ಕ್ರೂ ಈಗ ಯಾರ ಹತ್ತಿರ ಇವೆ? ಹಿಂದಿನ ಸಾಲಿನವರಿಗೂ ಕೊಡಿ, ಅವರಿನ್ನೂ ನೋಡಿಲ್ಲ.