ಫೈರ್‌ವಾಲ್‌ನ ಗಡಿಯಾರ

ಕೇಳುಗರಿಗೆ ನಮಸ್ಕಾರ.

ಕಚೇರಿಗೆ ಇಂಟರ್‌ನೆಟ್ ಕೇಬಲ್ ಬರುವ ಕಡೆ ಒಂದು ಪೆಟ್ಟಿಗೆ ಕೂತಿರುತ್ತದೆ. ಅದು ಫೈರ್‌ವಾಲ್. ಯಾವುದು ಒಳಗೆ ಬಂತು, ಯಾವುದು ಹೊರಗೆ ಹೋಯಿತು, ಯಾವುದನ್ನು ತಡೆದೆ ಅಂತ ಸಾಲು ಸಾಲಾಗಿ ಲಾಗ್ ಬರೆದಿಡುತ್ತದೆ. ಪ್ರತಿ ಸಾಲಿನ ಮುಂದೆ ತಾರೀಖು, ಸಮಯ. ಆ ಸಮಯವೇ ತಪ್ಪಿದ್ದರೆ? ರಾತ್ರಿ 2 ಗಂಟೆಗೆ ಯಾರೋ ನುಗ್ಗಿದ್ದಾರೆ ಅಂತ ಸರ್ವರ್‌ನ ಲಾಗ್ ಹೇಳುತ್ತದೆ. ಫೈರ್‌ವಾಲ್ ಲಾಗ್‌ನಲ್ಲಿ 2 ಗಂಟೆಗೆ ಏನೂ ಇಲ್ಲ. ಅದರ ಗಡಿಯಾರ 20 ನಿಮಿಷ ಹಿಂದಿದೆ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ.

20 ನಿಮಿಷ ಅಂದರೆ ಜಾಸ್ತಿ ಆಯಿತು ಅನ್ನಬಹುದು. ಲೆಕ್ಕ ಹಾಕಿ ನೋಡಿ. ಈ ಪೆಟ್ಟಿಗೆಗಳೊಳಗೆ ಇರುವುದು ಸಾಧಾರಣ ಕ್ವಾರ್ಟ್ಸ್ ಹರಳು. ಹತ್ತು ಲಕ್ಷದಲ್ಲಿ 20 ಭಾಗದಷ್ಟು ಅದು ಆಚೀಚೆ ಆದರೂ ದಿನಕ್ಕೆ 1.7 ಸೆಕೆಂಡು ತಪ್ಪುತ್ತದೆ. ಎರಡು ವರ್ಷ ಯಾರೂ ನೋಡದೆ ಬಿಟ್ಟರೆ 20 ನಿಮಿಷ ಆಗೇ ಆಗುತ್ತದೆ.

ಇದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ಕಂಪನಿಗಳು, ಡೇಟಾ ಸೆಂಟರ್‌ಗಳು, ಸರ್ಕಾರಿ ಕಚೇರಿಗಳು ತಮ್ಮ ಯಂತ್ರಗಳ ಸಮಯವನ್ನು ಸರ್ಕಾರದ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಳ್ಳಬೇಕು. ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಸೈಬರ್ ದಾಳಿ ಆದದ್ದು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಭಾರತದ ಅಧಿಕೃತ ಸಮಯವನ್ನು ಪರಮಾಣು ಗಡಿಯಾರಗಳಿಂದ ಕಾಯುವುದು ಆ ಪ್ರಯೋಗಾಲಯವೇ.

ಅಲ್ಲಿಂದ ನೆಟ್‌ವರ್ಕ್ ಮೂಲಕ ಸಮಯ ತರುವ ವಿಧಾನಕ್ಕೆ ಎನ್‌ಟಿಪಿ ಅಂತ ಹೆಸರು. 1985ರಷ್ಟು ಹಳೆಯದು. ರೂಪಿಸಿದವರು ಅಮೆರಿಕದ ಡೇವಿಡ್ ಮಿಲ್ಸ್. ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಪೀಪ್ ಪೀಪ್ ಸದ್ದು ಬರುತ್ತದಲ್ಲ, ಅದನ್ನು ಕೇಳಿ ನಾವು ವಾಚ್ ಸರಿ ಮಾಡಿಕೊಳ್ಳುತ್ತಿದ್ದೆವು. ಆದರೆ ಆ ಸದ್ದು ನಮ್ಮ ಮನೆ ತಲುಪಲು ಎಷ್ಟು ಹೊತ್ತು ಹಿಡಿಯಿತು ಅಂತ ಕೇಳುವ ದಾರಿ ಇರಲಿಲ್ಲ. ಎನ್‌ಟಿಪಿ ಅದನ್ನೇ ಕೇಳುತ್ತದೆ. ಫೈರ್‌ವಾಲ್ ಪ್ರಶ್ನೆ ಕಳಿಸಿದ ಕ್ಷಣ, ಸರ್ವರ್‌ಗೆ ಅದು ಸಿಕ್ಕ ಕ್ಷಣ, ಸರ್ವರ್ ಉತ್ತರ ಕಳಿಸಿದ ಕ್ಷಣ, ಉತ್ತರ ಬಂದು ಮುಟ್ಟಿದ ಕ್ಷಣ, ಈ ನಾಲ್ಕನ್ನೂ ಬರೆದುಕೊಳ್ಳುತ್ತದೆ. ಹೋಗಿ ಬರಲು ದಾರಿಯಲ್ಲಿ 40 ಮಿಲಿಸೆಕೆಂಡು ಹಿಡಿದಿದ್ದರೆ, ಬರುವುದಕ್ಕೆ 20 ಅಂತ ಹಿಡಿದು ಅಷ್ಟನ್ನು ಸೇರಿಸಿಕೊಳ್ಳುತ್ತದೆ. ಹೋಗುವ ದಾರಿ ಖಾಲಿ, ಬರುವ ದಾರಿ ತುಂಬಿದ್ದರೆ ಈ ಅರ್ಧದ ಲೆಕ್ಕ ಸ್ವಲ್ಪ ತಪ್ಪುತ್ತದೆ. ಲಾಗ್‌ನ ಮಟ್ಟಿಗೆ ಅದು ಲೆಕ್ಕಕ್ಕಿಲ್ಲ.

ಈಗ ಕೆಲಸಕ್ಕೆ ಬರೋಣ. ಸಣ್ಣ ಕಚೇರಿಗಳಲ್ಲೂ ಸಿಗುವ ಪಿಎಫ್‌ಸೆನ್ಸ್ ಫೈರ್‌ವಾಲನ್ನೇ ತಗೊಳ್ಳೋಣ. ಸಿಸ್ಟಮ್ ಮೆನುವಿನ ಜನರಲ್ ಸೆಟಪ್‌ನಲ್ಲಿ ಟೈಮ್ ಸರ್ವರ್ ಹೆಸರು ಬರೆಯುವ ಜಾಗ ಇದೆ. ಅಲ್ಲಿ ಎನ್‌ಐಸಿಯ ಎರಡು ವಿಳಾಸ ಹಾಕಿ: ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್, ಸಮಯ್2 ಡಾಟ್ ಎನ್‌ಐಸಿ ಡಾಟ್ ಇನ್. ಮೂರನೆಯದು ಪ್ರಯೋಗಾಲಯದ್ದು: ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್. ಎರಡಕ್ಕೇ ನಿಲ್ಲಿಸಬೇಡಿ. ಎರಡು ಸರ್ವರ್‌ಗಳು ಬೇರೆ ಬೇರೆ ಸಮಯ ಹೇಳಿದರೆ ಯಾರನ್ನು ನಂಬುವುದು? ಮೂರಿದ್ದರೆ ತಪ್ಪು ಹೇಳುವ ಒಂದನ್ನು ಪಕ್ಕಕ್ಕಿಡಬಹುದು. ಮೂರರಲ್ಲಿ ಎರಡು ಒಂದೇ ಮನೆಯವು ಅಲ್ವಾ ಅನ್ನುವವರು ಸ್ವಯಂಸೇವಕರ ಟೈಮ್ ಸರ್ವರ್‌ಗಳ ಗುಂಪಾದ ಎನ್‌ಟಿಪಿ ಪೂಲ್‌ನ ಭಾರತದ ವಿಳಾಸವನ್ನು ನಾಲ್ಕನೆಯದಾಗಿ ಸೇರಿಸುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಅದೇ ಪುಟದಲ್ಲಿ ಟೈಮ್ ಝೋನ್ ಇದೆ. ಪಟ್ಟಿಯಲ್ಲಿ ಬೆಂಗಳೂರು ಹುಡುಕಬೇಡಿ, ಸಿಗುವುದಿಲ್ಲ. ಏಷ್ಯಾ ಕೋಲ್ಕತಾ ಅಂತ ಆರಿಸಿ. ಎನ್‌ಟಿಪಿ ತರುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯವನ್ನು ಮಾತ್ರ. ಅದಕ್ಕೆ ಐದೂವರೆ ಗಂಟೆ ಕೂಡಿಸಿ ತೋರಿಸುವುದು ಈ ಝೋನ್‌ನ ಕೆಲಸ. ಲಾಗ್‌ನಲ್ಲಿ ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಕಂಡರೆ ಎನ್‌ಟಿಪಿಯನ್ನು ಬೈಯಬೇಡಿ, ಝೋನ್ ನೋಡಿ.

ಉಳಿಸಿದ ಮೇಲೆ ಸ್ಟೇಟಸ್ ಮೆನುವಿನಲ್ಲಿ ಎನ್‌ಟಿಪಿ ತೆರೆಯಿರಿ. ಮೊದಲು ಸರ್ವರ್‌ಗಳ ಮುಂದೆ ಪೆಂಡಿಂಗ್ ಅಂತ ಇರಬಹುದು. ಗಾಬರಿ ಬೇಡ. ರೀಚ್ ಅನ್ನುವ ಕಾಲಂ ನೋಡಿ. ಅದು 377ಕ್ಕೆ ಬಂದರೆ ಕೊನೆಯ ಎಂಟು ಪ್ರಶ್ನೆಗೂ ಉತ್ತರ ಬಂದಿದೆ ಅಂತ ಅರ್ಥ. ಎಂಟಕ್ಕೆ 377 ಯಾಕೆ ಅಂದರೆ, ಅದು ಎಂಟರ ಲೆಕ್ಕದ ಅಂಕಿ, ಸುಮ್ನೆ ನೆನಪಿಟ್ಟುಕೊಳ್ಳಿ ಸಾಕು. ಶುರುವಿನಲ್ಲಿ 64 ಸೆಕೆಂಡಿಗೊಂದು ಪ್ರಶ್ನೆ ಹೋಗುವುದರಿಂದ ಇದಕ್ಕೆ ಎಂಟೊಂಬತ್ತು ನಿಮಿಷ ಬೇಕು. ರೀಚ್ ಸೊನ್ನೆಯಲ್ಲೇ ನಿಂತರೆ, ಎನ್‌ಟಿಪಿ ಓಡಾಡುವ ಬಾಗಿಲು, ಅಂದರೆ ಯುಡಿಪಿ ಪೋರ್ಟ್ 123, ಹೊರಗಡೆ ಎಲ್ಲೋ ಮುಚ್ಚಿದೆಯೇ ಅಂತ ನೋಡಬೇಕು.

ಒಂದು ಸಿಕ್ಕು ಮಾತ್ರ ನಿಜಕ್ಕೂ ತಲೆ ತಿನ್ನುತ್ತದೆ. ಪೆಟ್ಟಿಗೆಯೊಳಗಿನ ಬಿಲ್ಲೆ ಸೆಲ್ ಸತ್ತು, ಕರೆಂಟು ಹೋಗಿ ಬಂದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸಮಯ ಕೇಳಲು ಸರ್ವರ್‌ನ ಹೆಸರನ್ನು ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರಿಗೆ ಅಂಕಿಯ ವಿಳಾಸ ಕೊಡುವ ವ್ಯವಸ್ಥೆಯಲ್ಲಿ, ಹುಡುಕಬೇಕು. ಆ ಉತ್ತರ ಅಸಲಿಯೇ ಅಂತ ಸಹಿ ನೋಡುವ ಡಿಎನ್‌ಎಸ್‌ಸೆಕ್ ಚಾಲೂ ಇದ್ದರೆ, ಸಹಿಗಳ ತಾರೀಖು ಹೊಂದುವುದಿಲ್ಲ ಅಂತ ಹೆಸರೇ ಸಿಗುವುದಿಲ್ಲ. ಹೆಸರು ಸಿಗದೆ ಸಮಯ ಇಲ್ಲ, ಸಮಯ ಇಲ್ಲದೆ ಹೆಸರು ಇಲ್ಲ. ಹೊರಗಿನಿಂದ ಕಚೇರಿಯ ಜಾಲಕ್ಕೆ ಸುರಕ್ಷಿತವಾಗಿ ಸೇರಿಸುವ ವಿಪಿಎನ್ ಕೂಡ ನಿಂತಿರುತ್ತದೆ, ಸರ್ಟಿಫಿಕೇಟ್‌ನ ಅವಧಿ ಇನ್ನೂ ಶುರುವಾಗಿಲ್ಲ ಅನ್ನುತ್ತದೆ. ಇದರ ಮೇಲೆ, ವ್ಯತ್ಯಾಸ 1000 ಸೆಕೆಂಡಿಗಿಂತ ಜಾಸ್ತಿ ಇದ್ದರೆ ಎನ್‌ಟಿಪಿ ಪ್ರೋಗ್ರಾಂ, ವಿಶೇಷವಾಗಿ ಅನುಮತಿ ಕೊಡದಿದ್ದರೆ, ಗಡಿಯಾರ ಮುಟ್ಟದೆ ನಿಂತುಬಿಡುತ್ತದೆ. ಆಗ ತಾರೀಖು, ಸಮಯವನ್ನು ಒಮ್ಮೆ ಕೈಯಿಂದ ಹತ್ತಿರಕ್ಕೆ ತಂದು ಬಿಟ್ಟರೆ ಉಳಿದದ್ದು ತಾನೇ ಸರಿಹೋಗುತ್ತದೆ.

ಫೈರ್‌ವಾಲ್‌ಗೆ ಸಮಯ ಸಿಕ್ಕ ಮೇಲೆ ಕಚೇರಿಯ ಉಳಿದ ಯಂತ್ರಗಳು ಅದನ್ನೇ ಕೇಳಲಿ. ಸರ್ವೀಸಸ್ ಮೆನುವಿನ ಎನ್‌ಟಿಪಿ ಪುಟದಲ್ಲಿ ಕಚೇರಿಯೊಳಗಿನ ಜಾಲವಾದ ಲ್ಯಾನ್ ಒಂದನ್ನೇ ಆರಿಸಿ. ಹೊರಗಿನ ಇಂಟರ್‌ನೆಟ್ ಇರುವ ವ್ಯಾನ್ ಕಡೆ ಈ ಸೇವೆ ಕೊಡಲೇಬೇಡಿ. 2014ರ ಫೆಬ್ರವರಿಯಲ್ಲಿ ಹೀಗೆ ತೆರೆದಿಟ್ಟ ಎನ್‌ಟಿಪಿ ಸರ್ವರ್‌ಗಳನ್ನು ಬಳಸಿ ಸೆಕೆಂಡಿಗೆ ಸುಮಾರು 400 ಗಿಗಾಬಿಟ್‌ನ ದಾಳಿ ನಡೆಯಿತು. ಚಿಕ್ಕ ಪ್ರಶ್ನೆಗೆ ಭಾರೀ ಉತ್ತರ ಕೊಡುವ ಹಳೆಯ ಆಜ್ಞೆಯೊಂದು ಆ ಸರ್ವರ್‌ಗಳಲ್ಲಿತ್ತು. ಪ್ರಶ್ನೆ ಕೇಳಿದವನ ವಿಳಾಸದ ಜಾಗದಲ್ಲಿ ಬಲಿಪಶುವಿನ ವಿಳಾಸ ಬರೆದರೆ, ಉತ್ತರವೆಲ್ಲ ಅವನ ತಲೆ ಮೇಲೆ.

ಲಾಗಿನ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ವಿಂಡೋಸ್ ಡೊಮೈನ್ ಇರುವ ಕಡೆ ಎಲ್ಲ ಕಂಪ್ಯೂಟರ್‌ಗಳನ್ನೂ ಫೈರ್‌ವಾಲ್ ಕಡೆ ತಿರುಗಿಸಬೇಕಿಲ್ಲ. ಅದನ್ನು ನಡೆಸುವ ಮುಖ್ಯ ಸರ್ವರ್, ಅಂದರೆ ಮುಖ್ಯ ಡೊಮೈನ್ ಕಂಟ್ರೋಲರ್, ಮಾತ್ರ ಫೈರ್‌ವಾಲನ್ನು ಕೇಳಲಿ, ಉಳಿದವು ಡೊಮೈನ್‌ನಿಂದಲೇ ಸಮಯ ತಗೊಳ್ಳುತ್ತವೆ. ಅಲ್ಲಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಲಾಗಿನ್ ಕೈಕೊಡಬಹುದು. ಸಿಸಿಟಿವಿ ಡಿವಿಆರ್, ಹಾಜರಾತಿ ಯಂತ್ರಗಳದ್ದು ಬೇರೆ ಕಥೆ. ಅವುಗಳಲ್ಲಿ ಕೆಲವು ತಯಾರಕರು ತುಂಬಿದ ಯಾವುದೋ ಸರ್ವರನ್ನೇ ಹುಡುಕಿಕೊಂಡು ಹೋಗುತ್ತವೆ, ಸೆಟ್ಟಿಂಗ್ ಬದಲಿಸಿದರೂ ಕೇಳುವುದಿಲ್ಲ. ಲ್ಯಾನ್‌ನಿಂದ ಪೋರ್ಟ್ 123ಕ್ಕೆ ಹೊರಡುವ ಎಲ್ಲ ಪ್ರಶ್ನೆಗಳನ್ನೂ ಫೈರ್‌ವಾಲ್‌ಗೇ ತಿರುಗಿಸುವ ಒಂದು ನ್ಯಾಟ್ ನಿಯಮ ಬರೆದರೆ, ಅವು ತಾವು ಹುಡುಕಿದ ಸರ್ವರೇ ಉತ್ತರ ಕೊಟ್ಟಿತು ಅಂದುಕೊಂಡು ಸುಮ್ಮನಾಗುತ್ತವೆ.

ನಮಸ್ಕಾರ.